ದೆವ್ವಕ್ಕೆ ಯಾರೂ ಉಂಡಿಯಾ ಅನ್ನಲಿಲ್ಲ

ಆಗಸ್ಟ್ 24, ಭಾನುವಾರ. ಮಧ್ಯಾಹ್ನ 3.40

ಮತ್ತೆ ಅದೇ. ಬಿಳಿ ಸೀರೆ, ಬಿಚ್ಚಿದ ಕೂದಲು. ಎರಡೂವರೆ ತಾಸು ಎದುರು ಮನೆಯ ಕುಬ್ರಾಳ ಟಿವಿ ಮುಂದೆ ಕುಳಿತೆ. ಸೊಂಟ ಹಿಡಿದದ್ದೊಂದೇ ಲಾಭ.

ಈ ವರ್ಷ ನೋಡಿದ ಹನ್ನೊಂದನೆಯ ದೆವ್ವದ ಸಿನಿಮಾ. ಹನ್ನೊಂದರಲ್ಲಿ ಒಂಬತ್ತು ಪೂರ್ತಿ ಕತ್ತಲು. ಕರೆಂಟು ಹೋದಾಗ ನಮ್ಮ ಮನೆಯೇ ಇದಕ್ಕಿಂತ ಚೆನ್ನಾಗಿ ಕಾಣುತ್ತದೆ. ಹೆದರಿಸಲು ಬರದವರು ಸದ್ದು ಮಾಡುತ್ತಾರೆ. ಬೆಕ್ಕು ಹಾರಿದರೆ ಧಡಾರ್. ಫೋನ್ ಬಂದರೆ ಧಡಾರ್. ಪ್ರತಿ ಧಡಾರಿಗೂ ಕುಬ್ರಾ ಬೇಗಂ ಸೆರಗಿನಲ್ಲಿ ಮುಖ ಮುಚ್ಚುತ್ತಾಳೆ. ಆಸ್ಪತ್ರೆಯಲ್ಲಿ ನನ್ನ ಜೊತೆ ಮೂವತ್ತೊಂದು ವರ್ಷ ಆಯಾ ಆಗಿದ್ದವಳು, ಎಷ್ಟೋ ಹೆಣ ತೊಳೆದ ಕೈ ಅವಳದು. ಟಿವಿ ದೆವ್ವಕ್ಕೆ ಮಾತ್ರ ನಡುಗುತ್ತಾಳೆ.

ಇವತ್ತು ಶವಾಗಾರದ ಸೀನ್ ಇತ್ತು. ಹೆಣ ಎದ್ದಿತು, ಕಿರುಚಿತು, ಓಡಿತು. ಇಬ್ಬರೂ ನಕ್ಕೆವು. ದವಡೆಗೆ ಬಟ್ಟೆ ಕಟ್ಟಿರುತ್ತೇವೆ — ಕಿರುಚುವುದು ಹೇಗೆ? ಕಾಲಿನ ಹೆಬ್ಬೆರಳು ಎರಡನ್ನೂ ಸೇರಿಸಿ ಬಿಗಿದಿರುತ್ತೇವೆ — ಓಡುವುದು ಹೇಗೆ? ಕುಬ್ರಾ ಅಂದಳು, “ಆ ಡೈರೆಕ್ಟರ್‌ಗ ಒಂದ್ ವಾರ ನಮ್ಮ ಕೂಡ ಡ್ಯೂಟಿ ಹಾಕಬೇಕಿತ್ತು ನೋಡು ಕನಕಮ್ಮ.”

ನನ್ನ ದೊಡ್ಡ ತಕರಾರು ಬೇರೆ. ಸತ್ತವಳು ಅಷ್ಟು ದೂರದಿಂದ ಬಂದಿರುತ್ತಾಳೆ. ಒಬ್ಬರಾದರೂ “ಬಾ, ಉಂಡಿಯಾ?” ಎಂದು ಕೇಳುವುದಿಲ್ಲ. ನೋಡಿದ ಕೂಡಲೇ ಓಡುವುದು, ಇಲ್ಲವೇ ಓಡಿಸುವುದು. ಮನೆತನದವರಾ ಇವರು?

ಆಗಸ್ಟ್ 28, ಗುರುವಾರ

ಮಗಳು ಶಶಿಕಲಾಳ ಫೋನಿನಲ್ಲಿ ಒಂದು ಸೀರೀಸ್ ಮುಗಿಸಿದೆ. ಎಂಟು ಎಪಿಸೋಡು. ಕಥೆ ಎರಡಕ್ಕಾಗುವಷ್ಟೇ. ಉಳಿದ ಆರರಲ್ಲಿ ಒಬ್ಬಳು ಬಾಗಿಲು ತೆರೆಯಲು ಹೋಗುತ್ತಾಳೆ. ಕೊನೆಗೆ ತೆರೆದಾಗ... ಎರಡನೇ ಭಾಗಕ್ಕೆ ಕಾಯಿರಿ ಅಂತ. ಬೈದೆ.

ಇನ್ನೊಂದು. ದೆವ್ವವಾಗುವವಳು ಯಾವಾಗಲೂ ಬಡವರ ಮಗಳು. ಓಡಿಸುವವರು ಯಾವಾಗಲೂ ದೊಡ್ಡಮನೆಯವರು. ಅವರ ಮನೆಯಲ್ಲಿ ಯಾರೂ ಸಾಯುವುದೇ ಇಲ್ಲವೋ?

ಮನೆಯಲ್ಲೇ ಬಿಟ್ಟುಹೋಗಿದ್ದ ಫೋನನ್ನು ಶಶಿಕಲಾ ಶಾಲೆಯ ಕೆಲಸದಿಂದ ಬಂದು ಕಸಿದುಕೊಂಡಳು. “ಬುದ್ಧ ವಿಹಾರಕ್ಕ ಬಾ ಅಂದ್ರ ಮೊಣಕಾಲು ಅಂತಿ. ದೆವ್ವ ನೋಡಾಕ ಮೂರ್ ತಾಸು ಕುಂಡ್ರತಿ.” ಸುಳ್ಳೇನಲ್ಲ. ಯಾಕೆ ನೋಡುತ್ತೀ ಎಂದೂ ಕೇಳಿದಳು. ಹೊತ್ತು ಹೋಗಲು ಅಂದೆ. ಅದು ಸುಳ್ಳು.

ಸೆಪ್ಟೆಂಬರ್ 2, ಮಂಗಳವಾರ. ಸಂಜೆ

ಶಶಿಕಲಾಳ ಮಗಳು, ನನ್ನ ಮೊಮ್ಮಗಳು ದಾನೇಶ್ವರಿ ದೇವದುರ್ಗದಿಂದ ಬಂದಿದ್ದಾಳೆ. ಅಲ್ಲಿ ಅತಿಥಿ ಶಿಕ್ಷಕಿ. ರಜೆಯಲ್ಲಿ ಅಂಬರೇಶ ಎಂಬ ಮದುವೆ ವಿಡಿಯೋ ತೆಗೆಯುವವನ ಜೊತೆ ಸೇರಿ ಯೂಟ್ಯೂಬಿಗೆ ದೆವ್ವದ ಸಿನಿಮಾ ಮಾಡುತ್ತಿದ್ದಾಳಂತೆ. ಬ್ಯಾಗು ಇಡುವ ಮೊದಲೇ ಫೋನ್ ಕೈಗೆ ಕೊಟ್ಟಳು. “ಯವ್ವಾ, ನಿನ್ನಷ್ಟು ದೆವ್ವ ನೋಡಿದವ್ರು ರಾಯಚೂರಾಗ ಯಾರದಾರ? ಖರೇ ಹೇಳಬೇಕು.”

ಕನ್ನಡಕ ಹಾಕಿಕೊಂಡು ಕುಳಿತೆ. ತಪ್ಪು ಹಿಡಿಯುವುದೆಂದರೆ ನನಗೆ ಹಬ್ಬ. ಸೀರೆ ಬಿಳಿ, ಅಂದೆ — ಸತ್ತ ಬಾಣಂತಿಯ ದೆವ್ವವಂತೆ, ಬಾಣಂತಿಗೆ ಯಾರು ಬಿಳಿ ಉಡಿಸುತ್ತಾರೆ? ಕಣ್ಣು ಕೆಂಪು, ಅಂದೆ — ಆ ಲೆನ್ಸ್ ಯಾವ ಅಂಗಡಿಯದು? ದೆವ್ವ ಇವಳೇ, ದಾನೇಶ್ವರಿಯೇ. ದೇವದುರ್ಗದ ಬದಿಯ ಅರಕೇರಾದಲ್ಲಿ ಒಂದು ಬಾಗಿಲ ಮುಂದೆ ನಿಂತು ಅನ್ನ ಬೇಡುತ್ತಾಳೆ. ಊಟ ಬಿಟ್ಟ ಮಕ್ಕಳನ್ನು ಹಿಡಿದೊಯ್ಯುತ್ತಾಳೆ. ಒಳಗಿನಿಂದ ಯಾರೋ ಕೂಗುತ್ತಾರೆ, ಆದೆಮ್ಮ ಬಂದಳು, ಆದೆಮ್ಮ ಬಂದಳು.

ಫೋನ್ ಕೆಳಗಿಟ್ಟೆ. ಈ ಹೆಸರು ಎಲ್ಲಿಂದ ತಂದಿ ಎಂದು ಕೇಳಿದೆ.

“ನೀನ ಹೇಳಿದ್ದಲ್ಲ ಯವ್ವಾ. ನಾ ಉಣ್ಣಲಿಲ್ಲಂದ್ರ ಅರಕೇರಾದ ಆದೆಮ್ಮ ಬರ್ತಾಳ ಅಂತಿದ್ದಿ. ಸತ್ತ ಬಾಣಂತಿ, ದಾರಿಗೆ ಚೆಲ್ಲಿದ ಸಾಸಿವಿ ಆರಿಸ್ಕೋತ ಬರ್ತಾಳ, ಬಿಳಿ ಸೀರಿ, ಕೆಂಪು ಕಣ್ಣು. ನಾ ಏನೂ ಸೇರಿಸಿಲ್ಲ.”

ಶಶಿಕಲಾ ಒಳಗಿನಿಂದ ನಗುತ್ತ, ತನ್ನನ್ನೂ ಹಾಗೇ ಉಣ್ಣಿಸಿದ್ದಾಗಿ ಹೇಳಿದಳು.

ಕೊನೆಯ ಸೀನ್ ಇನ್ನೂ ತೆಗೆದಿಲ್ಲವಂತೆ. ಹದಿನಾಲ್ಕಕ್ಕೆ ಶೂಟಿಂಗ್. ಆದೆಮ್ಮ ದಾರಿಯ ಸಾಸಿವೆ ಎಲ್ಲ ಆರಿಸಿ ಮುಗಿಸಿ ಹೊಸ್ತಿಲಿಗೆ ಬಂದಿರುತ್ತಾಳೆ. ಹೀರೋ ಇನ್ನೊಂದು ಹಿಡಿ ಸಾಸಿವೆ ಎರಚುತ್ತಾನೆ. ಅವಳು ಶಾಶ್ವತವಾಗಿ ಅಲ್ಲೇ ಎಣಿಸುತ್ತ ಕೂರುತ್ತಾಳೆ. ಮಹಾಲಯ ಅಮಾವಾಸ್ಯೆಗೆ ರಿಲೀಸ್.

ಸೆಪ್ಟೆಂಬರ್ 3

ಇವತ್ತು ಏನೂ ನೋಡಲಿಲ್ಲ. ಕುಬ್ರಾ ಎರಡು ಸಲ ಕರೆದಳು. ತಲೆನೋವು ಅಂದೆ.

ಸೆಪ್ಟೆಂಬರ್ 11, ಗುರುವಾರ. ಬೆಳಿಗ್ಗೆ

ಎಂಟು ದಿನ ಪುಸ್ತಕ ತೆರೆದು ಮುಚ್ಚಿದ್ದಾಯಿತು. ಅಕ್ಷರ ಕಲಿತದ್ದೇ ಮಾತ್ರೆ ಡಬ್ಬಿ ಓದಿ, ಇಪ್ಪತ್ತೈದು ದಾಟಿದ ಮೇಲೆ. ಕಲಿತು ನಲವತ್ತೈದು ವರ್ಷ. ಇದನ್ನು ಮಾತ್ರ ಬರೆದಿಲ್ಲ.

ಆದೆಮ್ಮ ನನ್ನ ಅಕ್ಕ.

ಚೊಚ್ಚಲ ಹೆರಿಗೆಗೆ ಅರಕೇರಾದ ತವರಿಗೆ ಬಂದಿದ್ದಳು. ಹತ್ತೊಂಬತ್ತು ವರ್ಷ. ಹೆತ್ತ ಮೂರನೇ ದಿನ ಹೋದಳು. ಕೂಸೂ ಉಳಿಯಲಿಲ್ಲ. ಆಗ ನನಗೆ ಹನ್ನೊಂದು. ಬಾಣಂತಿ ಸತ್ತರೆ ಮನೆಗೆ ಮರಳುತ್ತಾಳೆ ಎಂದು ಹೆಣದ ಹಿಂದೆ ಸಾಸಿವೆ ಚೆಲ್ಲುತ್ತಿದ್ದರು. ಒಂದೊಂದೇ ಕಾಳು ಆರಿಸಿ ಮುಗಿಸಿದರೆ ಮಾತ್ರ ಅವಳಿಗೆ ದಾರಿ. ಬೆಳಗಾಗುವುದರೊಳಗೆ ಮುಗಿಯುವುದಿಲ್ಲ, ತಿರುಗಿ ಹೋಗುತ್ತಾಳೆ. ಸಾಸಿವೆಯನ್ನು ಅವ್ವ ನನ್ನ ಉಡಿಗೆ ಹಾಕಿದಳು. ಹೊಸ್ತಿಲಿನಿಂದ ಊರ ಮುಂದಿನ ಬೇವಿನ ಮರದವರೆಗೆ ಚೆಲ್ಲಿದವಳು ನಾನೇ.

ಮರುದಿನ ಮಧ್ಯಾಹ್ನ ದೊಡ್ಡವರೆಲ್ಲ ಮಲಗಿದ್ದಾಗ ಡಬ್ಬಿ ಹಿಡಿದು ಹೋದೆ. ಬೇವಿನ ಮರದಿಂದ ಹಿಂದಕ್ಕೆ, ಮನೆಯ ಕಡೆ ಆರಿಸುತ್ತ ಬಂದೆ. ಮಣ್ಣಿನಲ್ಲಿ ಸಾಸಿವೆ ಕಾಣುತ್ತದೆಯೇ? ಉಗುರಿನ ಸಂದಿಯಲ್ಲಿ ರಕ್ತ ಬಂತು. ಸಂಜೆಗೆ ಅರ್ಧ ಡಬ್ಬಿ. ಅಕ್ಕನಿಗೆ ಕೆಲಸ ಕಡಿಮೆಯಾಗಲಿ ಅಂತ. ಬರಲಿ ಅಂತ.

ಎಷ್ಟೋ ದಿನ ಬಾಗಿಲ ಹತ್ತಿರವೇ ಮಲಗಿದೆ. ಬರಲಿಲ್ಲ. ಕಾಳು ಎಲ್ಲೋ ಉಳಿದಿರಬೇಕು ಎಂದುಕೊಂಡೆ.

ಮನೆಯಲ್ಲಿ ಆ ಹೆಸರು ಎತ್ತುವಂತಿರಲಿಲ್ಲ. ಮುಂದೆ ಶಶಿಕಲಾ ಅನ್ನ ಉಣ್ಣದೆ ಹಟ ಮಾಡಿದಾಗ ಒಂದು ದಿನ ಬಾಯಿಗೆ ಅದೇ ಹೆಸರು ಬಂತು. ಹೆದರಿ ಉಂಡಳು. ಸುಲಭವಾಯಿತು. ಸೀರೆ ಉಡಿಸಿದೆ, ಕಣ್ಣು ಕೆಂಪು ಮಾಡಿದೆ. ಅಕ್ಕನ ಹೆಸರನ್ನು ಬಾಯಲ್ಲಿ ಆಡಲು ನನಗೆ ಬೇರೆ ದಾರಿ ಇರಲಿಲ್ಲವೇನೋ... ಇಲ್ಲ, ಇದು ನೆಪ. ಊರ ಸಿನಿಮಾದವರ ತಪ್ಪನ್ನೆಲ್ಲ ಹಿಡಿಯುವ ನಾನು ಅವರಿಗಿಂತ ಮೊದಲೇ ಆ ಸಿನಿಮಾ ತೆಗೆದವಳು. ನೋಡಿದವರು ಇಬ್ಬರೇ, ಮಗಳು ಮತ್ತು ಮೊಮ್ಮಗಳು.

ಈಗ ಇನ್ನೊಂದು ಹಿಡಿ ಎರಚುತ್ತಾರಂತೆ. ಎರಚಬಾರದು. ಫೋನಿನಲ್ಲಿ ಹೇಳಲು ಬಾಯಿ ಬರುತ್ತಿಲ್ಲ. ಹೋಗಬೇಕು.

ಸೆಪ್ಟೆಂಬರ್ 14, ಭಾನುವಾರ. ದೇವದುರ್ಗ, ದಾನೇಶ್ವರಿಯ ರೂಮು

ಬಸ್ಸು ಗಬ್ಬೂರಿನಲ್ಲಿ ಮುಕ್ಕಾಲು ತಾಸು ನಿಂತಿತು. ಟೈರು. ಕಂಡಕ್ಟರನಿಗೆ ಬೈದೆ. ಅಜ್ಜಿ, ಅಷ್ಟು ಅರ್ಜೆಂಟ್ ಏನದ ಅಂದ. 

ದೇವದುರ್ಗದಿಂದ ಅರಕೇರಾಕ್ಕೆ ಆಟೋ. ಮುಟ್ಟುವ ಹೊತ್ತಿಗೆ ಹನ್ನೆರಡೂವರೆ. ಬೇವಿನ ಮರ ಈಗಿಲ್ಲ, ಅಲ್ಲಿ ನೀರಿನ ಟ್ಯಾಂಕ್. ನಮ್ಮ ಮನೆಯೂ ಇಲ್ಲ. ಇವರು ಶೂಟಿಂಗಿಗೆ ಹಿಡಿದದ್ದು ಎರಡು ಬಾಗಿಲು ಆಚೆಯ ಮನೆ. ದಾರಿ ಮಾತ್ರ ಅದೇ.

ಸೀನ್ ಮುಗಿದಿತ್ತು. ನೆಲದ ತುಂಬ ಸಾಸಿವೆ. ಒಂದು ಹಿಡಿಯಲ್ಲ, ಎರಡು ಕೇಜಿ ಪ್ಯಾಕೆಟ್ ಪೂರ್ತಿ — ಕ್ಯಾಮೆರಾಕ್ಕೆ ಕಾಣಬೇಕಲ್ಲ. ಅಂಬರೇಶ ಖುಷಿಯಲ್ಲಿದ್ದ. ಬರ್ರಿ ಅಜ್ಜಿ, ಒಂದೇ ಟೇಕಿಗೆ ಆತು ಅಂದ.

 ಕೂತೆ. ಆರಿಸಲು ಶುರು ಮಾಡಿದೆ. ಮೊಣಕಾಲು ಹರಿದು ಹೋದಂತೆ ನೋವು.

ದಾನೇಶ್ವರಿ ಓಡಿ ಬಂದಳು. ಮುಖಕ್ಕೆ ಬಿಳಿ ಬಣ್ಣ, ಕಣ್ಣು ಕೆಂಪು. ಎತ್ತಲು ನೋಡಿದಳು. ಸಾಸಿವೆ ಹಾಳಾದರೆ ಹಾಳಾಗಲಿ, ಏಳು ಎಂದಳು. ಆಗ ಹೇಳಿದೆ. ಅವಳ ಮುಖ ನೋಡದೆ, ಕಾಳು ಆರಿಸುತ್ತಲೇ, ಇಲ್ಲಿ ಬರೆದದ್ದಷ್ಟನ್ನೂ.

 ಅವಳು ಕೇಳಿದ್ದು ಒಂದೇ ಮಾತು.

“ನಿನ್ನ ಅಕ್ಕನ್ನ ನಾನು ದೆವ್ವ ಮಾಡಿದ್ನೇನು?”

“ನೀ ಅಲ್ಲವ್ವಾ. ನಾ.”

ಅವಳು ಕಣ್ಣಿನ ಲೆನ್ಸ್ ತೆಗೆದು ಅಂಗೈಯಲ್ಲಿ ಹಿಡಿದು ಏನು ಮಾಡಬೇಕೆಂದು ತೋಚದೆ ನಿಂತಳು. ಆಮೇಲೆ ಅದನ್ನು ಡಬ್ಬಿಗೆ ಹಾಕಿ ನನ್ನ ಎದುರು ಕೂತಳು. ಅವಳೂ ಆರಿಸತೊಡಗಿದಳು.

ತೆಗೆದ ಸೀನ್ ಬೇಡ ಎಂದು ಅವಳು ಅಂದದ್ದಕ್ಕೆ ಅಂಬರೇಶ ಗೊಣಗಿದ. ಕ್ಲೈಮ್ಯಾಕ್ಸ್ ಇಲ್ಲದಿದ್ದರೆ ಯಾರು ನೋಡುತ್ತಾರೆ, ಮೇಕಪ್ಪಿನವಳನ್ನು ರಾಯಚೂರಿನಿಂದ ಕರೆಸಿದ್ದೇವೆ, ಹೊತ್ತು ಹೋಗುತ್ತಿದೆ ಎಂದೆಲ್ಲ. ಅರ್ಧ ತಾಸು ಕ್ಯಾಮೆರಾ ಒರೆಸುತ್ತ ನಿಂತ. ಕೊನೆಗೆ ಪ್ಯಾಂಟ್ ಮಡಚಿ ಅವನೂ ಕೂತ. “ಅಜ್ಜಿ, ಮಣ್ಣು ಸಮೇತ ತುಂಬಿದ್ರ ನಡೀತದೇನ್ರಿ?” ಅಂದ. ನಡೆಯುತ್ತದೆ ಅಂದೆ. ಅರವತ್ತು ವರ್ಷದ ಹಿಂದೆ ನನಗೆ ಇದು ಯಾಕೆ ಹೊಳೆಯಲಿಲ್ಲ?

ನಾಲ್ಕೂವರೆಗೆ ಮುಗಿಯಿತು.

ಸೆಪ್ಟೆಂಬರ್ 18, ಗುರುವಾರ

ಬೆನ್ನು ಇನ್ನೂ ನೇರವಾಗಿಲ್ಲ. ಕುಬ್ರಾ ಎಣ್ಣೆ ತಿಕ್ಕಿದಳು. ಅವಳಿಗೂ ಹೇಳಿದೆ.  ಮಾನ್ವಿಯಲ್ಲಿ ತನ್ನ ದೊಡ್ಡಮ್ಮನೂ ಹೆರಿಗೆಯಲ್ಲೇ ಹೋದಳಂತೆ. ಅವಳ ಹೆಸರು ಕುಬ್ರಾಳಿಗೆ ಗೊತ್ತೇ ಇಲ್ಲವಂತೆ, ಮನೆಯಲ್ಲಿ ಯಾರೂ ಎತ್ತಲಿಲ್ಲ. ಮೂವತ್ತೊಂದು ವರ್ಷ ಒಂದೇ ವಾರ್ಡಿನಲ್ಲಿ ಚಹಾ ಕುಡಿದೆವು. ಇದನ್ನು ಆಡಲಿಲ್ಲ.

ಸೆಪ್ಟೆಂಬರ್ 21, ಭಾನುವಾರ. ಅಮಾವಾಸ್ಯೆ. ಮಧ್ಯಾಹ್ನ 12.30

ಸಿನಿಮಾ ಬೆಳಿಗ್ಗೆ ಬಿಟ್ಟರು. ಆದೆಮ್ಮ ಎಂಬ ಹೆಸರಿಲ್ಲ. ಎರಚುವ ಸೀನೂ ಇಲ್ಲ. ಕೊನೆಯಲ್ಲಿ ಒಬ್ಬಳು ದಾರಿಯಲ್ಲಿ ಕೂತು ಸಾಸಿವೆ ಆರಿಸುತ್ತಿರುತ್ತಾಳೆ, ಅಷ್ಟೇ. ಧಡಾರ್ ಎಂಬ ಸದ್ದೂ ಇಲ್ಲ. ನೋಡಿದವರು ಬೈಯುತ್ತಿದ್ದಾರೆ — ಅರ್ಧಕ್ಕೇ ಬಿಟ್ಟಿದ್ದಾರೆ, ಕ್ಲೈಮ್ಯಾಕ್ಸ್ ಎಲ್ಲಿ, ಡಾಟಾ ವೇಸ್ಟ್. ಅಂಬರೇಶ ಫೋನ್ ಎತ್ತುತ್ತಿಲ್ಲವಂತೆ. ನನ್ನ ಅಭಿಪ್ರಾಯ ದಾನೇಶ್ವರಿ ಕೇಳಿದಳು. ಸೀರೆ ಇನ್ನೂ ಬಿಳಿಯೇ ಇದೆ ಅಂದೆ. ಬಾಕಿ ಪರವಾಗಿಲ್ಲ.

ಎಡೆ ಇಡುತ್ತೇನೆ ಅಂದಾಗ ಶಶಿಕಲಾ ಮುಖ ಗಂಟಿಕ್ಕಿದಳು. ಇದನ್ನೆಲ್ಲ ಬಿಟ್ಟು ಎಷ್ಟು ವರ್ಷವಾಯಿತು, ಬಾಬಾಸಾಹೇಬರ ಫೋಟೋ ಮುಂದೆ ಇದೇನು ಅಂದಳು. ಜಗಳ ಮಾಡಲಿಲ್ಲ. ನನ್ನ ಅಕ್ಕನಿಗೆ ಒಂದು ಊಟ ಅಂದೆ. ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸದ್ದು ಕೇಳಿತು.

ಆದೆಮ್ಮನಿಗೆ ಏನು ಇಷ್ಟ ಎಂದು ದಾನೇಶ್ವರಿ ಕೇಳಿದಳು. ನೆನಪಾಗಲಿಲ್ಲ. ದೆವ್ವ ಮಾಡಿದ ಮೇಲೆ ಅವಳು ಊಟ ಕೇಳುವುದಷ್ಟೇ ಉಳಿದಿತ್ತು, ಏನು ಊಟ ಎಂಬುದು ಮರೆತೇ ಹೋಗಿತ್ತು. ಮೂಲೆಯಲ್ಲಿ ಕೂತು ಕಣ್ಣು ಮುಚ್ಚಿದೆ. ಆಮೇಲೆ ಬಂತು — ಸಜ್ಜೆ ರೊಟ್ಟಿ, ಹಸಿ ಉಳ್ಳಾಗಡ್ಡಿ, ಶೇಂಗಾ ಚಟ್ನಿ. ಚಟ್ನಿಯಲ್ಲಿ ನನಗೆ ಪಾಲು ಕೊಡುತ್ತಿರಲಿಲ್ಲ. ಹೊಡೆದಾಡುತ್ತಿದ್ದೆವು.

ಬಾಳೆಎಲೆ ಸಿಗಲಿಲ್ಲ, ಸ್ಟೀಲ್ ತಾಟಿನಲ್ಲಿ ಇಟ್ಟಾಯಿತು. ಕುಬ್ರಾ ಎದುರು ಮನೆಯಿಂದ ಒಂದು ಬಟ್ಟಲು ಖೀರು ತಂದು ಬದಿಗಿಟ್ಟಳು, ತನ್ನ ದೊಡ್ಡಮ್ಮನಿಗೆ ಅಂತ. ಹೆಸರಿಲ್ಲದವಳಿಗೆ. ಜೊತೆಗೆ ಉಣ್ಣಲಿ ಬಿಡು ಅಂದೆ.

ದಾನೇಶ್ವರಿ ಬಾಗಿಲು ಪೂರ್ತಿ ತೆರೆದು ನಿಂತಿದ್ದಾಳೆ. ಹೇಗೆ ಕರೆಯಬೇಕು ಎಂದು ಕೇಳುತ್ತಿದ್ದಾಳೆ. ಹೆಸರು ಹಿಡಿದು ಕರಿ ಅಂದೆ. ಹೆದರಿಸುವ ದನಿಯಲ್ಲಿ ಬೇಡ, ಸಾದಾ. ಕರೆದಳು. ಈಗ ತಿರುಗಿ ನನ್ನ ಕಡೆ ನೋಡುತ್ತಿದ್ದಾಳೆ. ಮುಂದಿನ ಮಾತು ನಾನೇ ಆಡಬೇಕು, ಅವಳಿಗೆ ಗೊತ್ತಿಲ್ಲ. ಪೆನ್ನು ಇಟ್ಟು ಏಳುತ್ತೇನೆ. ಬಾ ಅಕ್ಕಾ, ಉಂಡಿ—