ಕ್ಯಾಲೆಂಡರ್ ಹಾಳೆಯ ಹಿಂಬದಿ

ಮಾವಾರ,

ಆರೂವರಿ ಸಿರುಗುಪ್ಪ ಬಸ್ಸಿಗೆ ಹೊಂಟೀನ್ರಿ. ರೊಟ್ಟಿ ಬುಟ್ಟ್ಯಾಗ ಅದಾವು, ಪುಂಡಿಪಲ್ಯ ಒಲಿ ಮ್ಯಾಲೈತಿ. ಬಿಪಿ ಗುಳಿಗಿ ಮರೀಬ್ಯಾಡ್ರಿ. ದಿನಾ ಹೇಳಿ ಹೇಳಿ ನನಗೂ ಸಾಕಾಗೈತಿ.

ನಮ್ಮ ಮೇಘನಾಗ ಕಣ್ಣು ಮಂದ ಅಂತ ಸಾಲಿಯಿಂದ ದೊಡ್ಡಕ್ಷರದ ಪುಸ್ತಕ ನಿನ್ನಿ ಬಂದಾವು. ಜೂನ್‌ದಾಗ ಕೇಳಿದ್ದು, ಈಗ ಫೆಬ್ರವರಿ. ಆಕಿ ಕೈಗೆ ಕೊಡಬ್ಯಾಡ್ರಿ. ಜೂನ್‌ದಾಗ ನೀವು ಕ್ಯಾಲೆಂಡರ್ ಹಾಳಿ ಹಿಂದ ಮಾರ್ಕರ್‌ಲೆ ಎಂಟು ಸಾಲು ಪಾಠ ಬರೀತಿದ್ರಿ, ಅಕ್ಷರ ದೊಡ್ಡದು ಮಾಡಿ ಮಾಡಿ ದಸರಾಕ್ಕ ಹಾಳಿಗೆ ನಾಕು ಆತು, ಈಗ ಒಂದು. ಪುಸ್ತಕದ ಅಕ್ಷರ ನಿಮ್ಮ ಜೂನ್ ಅಕ್ಷರಕ್ಕಿಂತ ದೊಡ್ಡವಲ್ಲ, ಈಗ ಆಕಿಗೆ ಸಾಲೂದಿಲ್ಲ.

ನಿನ್ನಿ ನೀವು ಹೊರಗಿದ್ದಾಗ ಆಕಿ ಹಾಳಿ ಹಿಡಕೊಂಡು ಪಾಠಾನ ಒಂದೂ ತಪ್ಪಿಲ್ಲದಂಗ ಓದಿದ್ಲು. ನೀವು ಬರೆದಿದ್ದ ಬದಿ ನನ್ನ ಕಡೆ ಇತ್ತು. ಆಕಿ ಮುಂದಿದ್ದದ್ದು ತಾರೀಖಿನ ಬದಿ.

ಸೋಮವಾರ ಮಗಳನ್ನ ಬಳ್ಳಾರಿ ಕಣ್ಣಿನ ಡಾಕ್ಟರ್ ಹತ್ರ ಕರಕೊಂಡು ಹೋಗ್ತೀನಿ. ಅಲ್ಲೀತನ ಆಕಿನ್ನ ಏನೂ ಕೇಳಬ್ಯಾಡ್ರಿ, ಬರಿಯೋದೂ ಬಿಡಬ್ಯಾಡ್ರಿ. ಹೊಸ ಮಾರ್ಕರ್ ತಂದಿಲ್ಲ, ಒಣಗಿದ್ದರಾಗ ಬರೀರಿ.

ಬರಿಯೋವಾಗ ಒಂದೊಂದು ಮಾತೂ ಬಾಯಿಬಿಟ್ಟು ಹೇಳ್ತೀರಲ್ಲ, ಆಕಿ ಓದೋದು ಅದನ್ನ. ಇನ್ನೀಟು ನಿಧಾನ ಹೇಳ್ರಿ.

ಶೈಲಜಾ