ವರ್ಷನ್ ಎರಡು, ನೇಮ್ಸ್ ಓಕೆ

ಮಾರ್ಚ್ 8, ಶನಿವಾರ. ಬೆಳಿಗ್ಗೆ 11

ಎರಡನೆಯ ದಿನದ ಸಂಡಿಗೆ. ಹಿಟ್ಟು ನಿನ್ನೆಗಿಂತ ಗಟ್ಟಿ. ಟೆರೇಸಿನಲ್ಲಿ ಹಳೆಯ ಪಂಚೆ ಹಾಸಿ ಅರ್ಧ ಹಾಕಿದ್ದಾಯಿತು. ಉಗಾದಿಗೆ ಮೂರೇ ವಾರ. ಅಟ್ಟ ಖಾಲಿ ಮಾಡುವುದೂ ಇವತ್ತೇ ಶುರು.

ಅಮ್ಮನ ಕಂಪ್ಯೂಟರ್ ಸಿಕ್ಕಿತು. ಟ್ರಂಕಿನಲ್ಲಿ, ಸೀರೆಯಲ್ಲಿ ಸುತ್ತಿದ್ದು. ಟೆಲಿಫೋನ್ ಎಕ್ಸ್‌ಚೇಂಜಿನ ಡ್ಯೂಟಿ ಮುಗಿಸಿ ಬಂದು ಸಂಜೆ ಹೊತ್ತು ಅವಳೂ ಅವಳ ಸಹೋದ್ಯೋಗಿ ರಾಘವ ಅಂಕಲ್ಲೂ ಬೆಸುಗೆ ಹಾಕುವ ದಾಸಪ್ಪನವರೂ ಸೇರಿ ಕಟ್ಟಿದ್ದು. 83, 84ರಲ್ಲಿ. ನನಗೆ ನಾಲ್ಕೋ ಐದೋ. ಬೆಸುಗೆಯ ವಾಸನೆ ಬಿಟ್ಟು ಬೇರೇನೂ ನೆನಪಿಲ್ಲ.

ಬೋರ್ಡಿಗೆಲ್ಲ ಬೂಷ್ಟು. ಹಳೆ ಟೂತ್‌ಬ್ರಷ್, ಸ್ಪಿರಿಟ್. ದೊಡ್ಡ ಚಿಪ್ ಮೇಲೊಂದು ಹಳದಿ ಸ್ಟಿಕ್ಕರ್, ಜಿಡ್ಡು ಜಿಡ್ಡು. ಕಿತ್ತೆ. ಕೆಳಗೆ ಪುಟ್ಟ ಗಾಜಿನ ಕಿಟಕಿ, ಒಳಗೆ ಏನೋ ಹೊಳೆಯುತ್ತದೆ. ಸ್ಟಿಕ್ಕರ್ ಮೇಲೆ ಅಮ್ಮನ ಅಕ್ಷರ: ವರ್ಷನ್ 2. ನೇಮ್ಸ್ ಓಕೆ. 14-8-84. ಬಿಸಾಡಲು ಮನಸ್ಸಾಗಲಿಲ್ಲ. ಈ ಪುಟದ ಅಂಚಿಗೇ ಅಂಟಿಸಿದ್ದೇನೆ.

ಬೋರ್ಡನ್ನು ಸಂಡಿಗೆಯ ಪಕ್ಕ ಬಿಸಿಲಿಗೆ ಇಟ್ಟೆ. ಒಂದು ವಾರ ಬಿಸಿಲು ಕಂಡರೆ ಮುಗ್ಗಲು ವಾಸನೆ ಹೋಗುತ್ತದೆ. ಮೊಣಕಾಲು ನೋವು, ಅಮ್ಮ ಮೇಲೆ ಹತ್ತುವುದಿಲ್ಲ. ಸರ್ಪ್ರೈಸ್ ಆಗಲಿ.

ಮಾರ್ಚ್ 12, ಬುಧವಾರ

ನ್ಯೂರಾಲಜಿಸ್ಟ್. ಅಮ್ಮನಿಗೆ ಐದು ಪದ ಹೇಳಿದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಾಗ ಮೂರೇ ಬಂತು. ‘ಮರೆವಿನ ಕಾಯಿಲೆ ಶುರು ಆಗ್ತಿರಬಹುದು, ಆಗದೇನೂ ಇರಬಹುದು. ಆರು ತಿಂಗಳು ನೋಡೋಣ.’

ಆಟೋದಲ್ಲಿ, ರಾಮಕೃಷ್ಣ ಆಶ್ರಮ ದಾಟಿದ ಮೇಲೆ ಅಮ್ಮ, “ಕನ್ನಡಿ” ಅಂದಳು. ನಾಲ್ಕನೆಯದು. ಐದನೆಯದಕ್ಕೆ ಮನೆ ಸೇರುವವರೆಗೂ ತುಟಿ ಅಲ್ಲಾಡುತ್ತಿತ್ತು. ನನಗೆ ಗೊತ್ತಿತ್ತು. ಹೇಳಿಕೊಡಬೇಕಿತ್ತಾ, ಬೇಡವಾ...

ಸಂಜೆ ಎಂದಿನ ಹಾಗೆ ಸಂಡಿಗೆ, ಬೋರ್ಡ್ ಎರಡನ್ನೂ ಒಳಗೆ ತಂದೆ.

ಮಾರ್ಚ್ 17, ಸೋಮವಾರ

ಒಂಬತ್ತು ದಿನದ ಬಿಸಿಲು. ವಾಸನೆ ಪೂರ್ತಿ ಹೋಗಿದೆ. ಬೋರ್ಡನ್ನು ಅದರ ಡಬ್ಬಿಯೊಳಗೆ ಕೂರಿಸಿ, ಸ್ಕ್ರೂ ಬಿಗಿದು ಅಮ್ಮನ ಮುಂದಿಟ್ಟೆ. ಸೆರಗಿನಿಂದ ಒರೆಸಿದಳು — ಒರೆಸಲು ಏನೂ ಇರಲಿಲ್ಲ.

ಮಾರ್ಚ್ 18, ಮಂಗಳವಾರ. ಮಧ್ಯಾಹ್ನ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಊರಿನ ಹಳೆ ಕಂಪ್ಯೂಟರ್ ಹುಚ್ಚರ ಬಗ್ಗೆ ರಾಘವ ಅಂಕಲ್ ಒಂದು ಲೇಖನ ಬರೆದಿದ್ದಾರೆ. ಅವರ ಸಂಘದ ಸಂಚಿಕೆಗೆ. ಪ್ರೂಫ್ ಅಮ್ಮನಿಗೆ ಕಳಿಸಿದ್ದರು. ಅದರಲ್ಲಿ ಅಮ್ಮನ ಬಗ್ಗೆ ಒಂದು ಸಾಲು: ಗಿರಿಜಾಂಬಾ ಬರೆದದ್ದು ಮಾನಿಟರ್ ಪ್ರೋಗ್ರಾಮ್, ಆಪರೇಟಿಂಗ್ ಸಿಸ್ಟಮ್ ಅಲ್ಲ. ಅಮ್ಮ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದಳು.

“ಏನ್ರೀ ರಾಘವ, ಅಷ್ಟು ವರ್ಷ ನಮ್ಮನೆ ಕಾಫಿ ಕುಡಿದು ಇದಾ ಬರೆಯೋದು?”

“ಕಾಫಿ ಫಸ್ಟ್ ಕ್ಲಾಸ್ ಮೇಡಂ, ಅದನ್ನೂ ಸೇರಿಸ್ತೀನಿ. ಆದ್ರೆ ನಿಮ್ಮದು ಅಡ್ರೆಸ್ ಕೇಳ್ತಿತ್ತು. ಮೆಮೊರಿಯಲ್ಲಿ ಎಷ್ಟನೇ ಮನೆ ಅಂತ ನಾವೇ ಹೇಳ್ಬೇಕಿತ್ತು. ಮಾನಿಟರ್ ಅಂದ್ರೆ ಅಷ್ಟೇ. ಹೆಸರು ಹಿಡಿದು ಕರೆದ್ರೆ ತಾನೇ ಹುಡುಕಿ ತರ್ಬೇಕು. ಅದು ಓಎಸ್ಸು.”

“ತರ್ತಿತ್ತು. ಎರಡನೇ ವರ್ಷನ್ನು. ನೀವು ಅಷ್ಟೊತ್ತಿಗೆ ಹೈದರಾಬಾದಿಗೆ ಟ್ರಾನ್ಸ್‌ಫರ್ ತಗೊಂಡು ಓಡಿದ್ರಿ.”

“ನೋಡಿದವರು ಯಾರು ಮತ್ತೆ?”

“ಭಾನುವಾರ ಬನ್ನಿ. ನೀವೇ ನೋಡಿ. ನೋಟ್‌ಬುಕ್ಕಲ್ಲಿ ಇರೋದು ಮೊದಲನೇದು. ಎರಡನೇದನ್ನ ಬರೆದಿಡೋಕೆ ಪುರುಸೊತ್ತಾಗಲಿಲ್ಲ, ಚಿಪ್ಪಲ್ಲೇ ಇದೆ.”

“ಸ್ಟಿಕ್ಕರ್ ಭದ್ರವಾಗಿದೆ ತಾನೆ? ಆ ಗಾಜಿಗೆ ಬಿಸಿಲು ಬಿದ್ರೆ ಒಂದೇ ವಾರ. ಎಲ್ಲಾ ಅಳಿಸಿಹೋಗುತ್ತೆ.”

“ಇರದೇ ಏನು, ನಾನೇ ಅಂಟಿಸಿದ್ದು. ಇದೆಯಲ್ವೇನೇ ರಂಜಿನಿ?”

ಹ್ಞೂಂ ಅಂದೆ.

ಯಾಕೆ ಹಾಗಂದೆ? ಯೋಚನೆ ಮಾಡಿ ಹೇಳಿದ ಸುಳ್ಳಲ್ಲ. ಬಾಯಿಗೆ ಮೊದಲು ಬಂದದ್ದು ಅದು. ಅದೇ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ.

ಮಾರ್ಚ್ 20, ಗುರುವಾರ

ಅಮ್ಮ ಮಲಗಿದ್ದಾಗ ಚಿಪ್ ಬಿಚ್ಚಿಕೊಂಡು ಕಲಾಸಿಪಾಳ್ಯಕ್ಕೆ ಹೋದೆ. ದಾಸಪ್ಪನವರ ಅಂಗಡಿ ಈಗಲೂ ಇದೆ — ಮಿಕ್ಸಿ, ಟಿವಿ ರಿಮೋಟು. ಮೂಲೆಯಲ್ಲಿ ಚಿಪ್ ಓದುವ ಒಂದು ಯಂತ್ರ. ಸಿಕ್ಕಿಸಿ ಒತ್ತಿದರು. ಸ್ಕ್ರೀನ್ ತುಂಬ ಎಫ್ ಎಫ್ ಎಫ್ ಎಫ್. ಕೊನೆಯವರೆಗೂ.

“ಖಾಲಿ ಕಣಮ್ಮ. ತೊಳೆದ ಸ್ಲೇಟು. ಎಲ್ಲಿಟ್ಟಿದ್ರಿ ಇದನ್ನ?”

“ಸಂಡಿಗೆ ಜೊತೆ.”

ನಗುತ್ತಾರೆ ಅಂದುಕೊಂಡೆ. ನಗಲಿಲ್ಲ.

“ಎರಡನೇ ವರ್ಷನ್ ನೀವು ನೋಡಿದ್ರಾ?”

“ನಂದು ಬೆಸುಗೆ ಅಷ್ಟೇ. ಒಳಗೇನು ಬರೆದ್ರೋ ಗಿರಿಜಮ್ಮೋರಿಗೇ ಗೊತ್ತು. ನೋಟ್‌ಬುಕ್ ಇದ್ರೆ ತಗೊಂಡು ಬನ್ನಿ, ಮೊದಲನೇದನ್ನ ತುಂಬಿಸಿಕೊಡ್ತೀನಿ. ಹತ್ಕೊಳ್ಳತ್ತೆ. ಆದ್ರೆ ಹೆಸರು ಗಿಸರು ಅದಕ್ಕೆ ಬರಲ್ಲ.” ಚಿಪ್ ವಾಪಸ್ ಕೊಡುತ್ತ, “ನಾನು ಅವರ ಹತ್ರ ಬಾಯಿ ಬಿಡಲ್ಲ. ಹೇಳೋದು ನೀವೇ ಹೇಳ್ಬೇಕು.”

ಹೇಳುತ್ತೇನೆ ಅಂದೆ. ಇವತ್ತೇ.

ಮಾರ್ಚ್ 22, ಶನಿವಾರ

ಹೇಳಿಲ್ಲ.

ಅಮ್ಮನ ನೋಟ್‌ಬುಕ್ಕಿನಿಂದ ಎರಡು ಸಾವಿರದ ನಲವತ್ತೆಂಟು ಜೋಡಿ ಅಕ್ಷರ ಟೈಪ್ ಮಾಡಿದೆ. ಒಂದೂ ತಪ್ಪಿಲ್ಲ. ಪಠ್ಯಪುಸ್ತಕದ ಪ್ರೂಫ್ ನೋಡುವವಳು, ತಪ್ಪು ಹಿಡಿಯುವುದೇ ನನ್ನ ಸಂಬಳದ ಕೆಲಸ. ದಾಸಪ್ಪನವರು ಚಿಪ್ ತುಂಬಿಸಿ, ಮೇಲೊಂದು ಕಪ್ಪು ಟೇಪ್ ಅಂಟಿಸಿ ಕೊಟ್ಟರು. ವಾಪಸ್ ಕೂರಿಸಿದೆ.

ನನ್ನ ಲೆಕ್ಕ ಇದು: ಯಂತ್ರ ಹತ್ತಿಕೊಂಡರೆ ಸಾಕು, ಅಮ್ಮನಿಗೆ ಅಷ್ಟೇ ಖುಷಿ. ಇದನ್ನು ನಾನು ನಿಜವಾಗಿ ನಂಬಿದ್ದೇನೆಯೇ?

ಮಾರ್ಚ್ 23, ಭಾನುವಾರ. ಸಂಜೆ 5

ಹತ್ತಿಕೊಂಡಿತು. ಹಳೆಯ ಪೋರ್ಟಬಲ್ ಟಿವಿಯ ಮೇಲೆ ಒಂದು ಬಾಣದ ಗುರುತು, ಮಿಣುಕುತ್ತ. ರಾಘವ ಅಂಕಲ್ ಚಪ್ಪಾಳೆ ತಟ್ಟಿದರು. ಗವಿಪುರದಿಂದ ನಡೆದೇ ಬಂದಿದ್ದರು, ಕೈಯಲ್ಲಿ ಖಾರಾಬೂಂದಿಯ ಪೊಟ್ಟಣ.

ಅಮ್ಮ ಟೇಪ್‌ರೆಕಾರ್ಡರಿಗೆ ತನ್ನ ಪ್ರೋಗ್ರಾಮುಗಳಿದ್ದ ಹಳೆ ಕ್ಯಾಸೆಟ್ ಹಾಕಿದಳು. “ನನ್ನ ಮಗಳಿಗೆ ಮಗ್ಗಿ ಕಲಿಸೋಕೆ ಒಂದು ಬರೆದಿದ್ದೆ. ಅದರ ಹೆಸರು ಹೊಡೀತೀನಿ, ಅದೇ ಹುಡುಕಿಕೊಳ್ಳತ್ತೆ ನೋಡಿ.”

ಒಂದೊಂದೇ ಕೀ. ಆರ್, ಎ, ಎನ್, ಜೆ, ಯು.

ಪ್ರಶ್ನಾರ್ಥಕ ಚಿಹ್ನೆ ಬಂತು. ಮತ್ತೆ ಬಾಣ.

ಇನ್ನೊಮ್ಮೆ ಹೊಡೆದಳು, ನಿಧಾನವಾಗಿ. ಮತ್ತೆ ಅದೇ. ಮೂರನೆಯ ಸಲವೂ ಹೊಡೆದು, ಕೀಗಳನ್ನು ಬಿಟ್ಟು ತನ್ನ ಬೆರಳುಗಳನ್ನೇ ನೋಡಿದಳು.

“ಹೋಗ್ಲಿ ಬಿಡಿ ಮೇಡಂ,” ರಾಘವ ಅಂಕಲ್ ಮೆತ್ತಗೆ ಅಂದರು. ಅವರು ಕಿಚಾಯಿಸಿದ್ದರೆ ಎಷ್ಟೋ ವಾಸಿ ಇತ್ತು. “ನಲವತ್ತು ವರ್ಷ ಆಯ್ತು. ಮಾಡ್ಬೇಕು ಅಂದುಕೊಂಡಿದ್ದು, ಮಾಡಿದ್ದು, ಎರಡೂ ಕಲಸಿಹೋಗುತ್ತೆ. ನನಗೂ ಹಾಗೇ.”

“ಇರಬಹುದು,” ಅಂದಳು ಅಮ್ಮ.

ನಾನು ಅವಳ ಕುರ್ಚಿಯ ಹಿಂದೆ ನಿಂತಿದ್ದೆ. ಅವಳು ಮೂರು ಸಲ ನನ್ನ ಹೆಸರು ಕರೆದಳು. ಈ ಡೈರಿ ಪಕ್ಕದ ರೂಮಿನಲ್ಲೇ ಇತ್ತು, ಸ್ಟಿಕ್ಕರ್ ಅದರಲ್ಲೇ ಇತ್ತು. ತಂದು ತೋರಿಸಿದ್ದರೆ ಎರಡನೆಯ ವರ್ಷನ್ ಇತ್ತು ಅನ್ನುವುದಕ್ಕೆ ಸಾಕ್ಷಿ. ಕಿತ್ತವಳು ಯಾರು ಅನ್ನುವುದಕ್ಕೂ.

ಕಾಫಿ ಮಾಡುತ್ತೇನೆ ಅಂತ ಒಳಗೆ ಹೋದೆ.

ಮಾರ್ಚ್ 27, ಗುರುವಾರ

ಅಮ್ಮ ಜಗಳ ಆಡುತ್ತಿಲ್ಲ. ಹಾಲಿನವನ ಹತ್ತಿರವೂ ಇಲ್ಲ. ಯಂತ್ರವನ್ನು ಅವಳೇ ಸೀರೆಯಲ್ಲಿ ಸುತ್ತಿಟ್ಟಳು.

ಊಟಕ್ಕೆ ಕೂತಾಗ ಕೇಳಿದಳು — “ಅದು ಸರಿಹೋದ ದಿವಸ ನಿಮ್ಮಪ್ಪ ಮಸಾಲೆ ದೋಸೆ ಕಟ್ಟಿಸಿಕೊಂಡು ಬಂದಿದ್ರು. ಅದಾದ್ರೂ ನಿಜಾನಾ?”

“ನಾನು ಚಿಕ್ಕವಳಮ್ಮ ಆಗ.”

“ಅದೂ ಸರಿ. ಇನ್ಯಾರನ್ನ ಕೇಳೋದು.” ಅನ್ನ ಕಲಸುತ್ತ, “ಇನ್ನೇನೇನು ಕಟ್ಟಿಕೊಂಡು ಕೂತಿದೀನೋ ತಲೇಲಿ.”

ಡಾಕ್ಟರ ಆರು ತಿಂಗಳು ನಮಗೆ ಬೇಕಾಗಲಿಲ್ಲ. ನಾನು ಒಂದೇ ಭಾನುವಾರದಲ್ಲಿ ಮುಗಿಸಿದೆ. ಈಗ ಹೇಳಿದರೆ ನಂಬುತ್ತಾಳೆಯೇ? ಸಮಾಧಾನಕ್ಕೆ ಕಟ್ಟಿದ ಕಥೆ ಅಂದುಕೊಂಡರೆ?

ರಾಘವ ಅಂಕಲ್‌ಗೆ ಮೆಸೇಜ್ ಮಾಡಿದ್ದಾಳೆ: ಮಾನಿಟರ್ ಅಂತಲೇ ಇರಲಿ. ಶನಿವಾರ ಪ್ರೆಸ್ಸಿಗೆ ಹೋಗುತ್ತದಂತೆ.

ಮಾರ್ಚ್ 29, ಶನಿವಾರ. ಬೆಳಿಗ್ಗೆ 7.10

ನಾಳೆ ಉಗಾದಿ. ಅಮ್ಮ ಅಡುಗೆಮನೆಯಲ್ಲಿ ಡಬ್ಬಿಗಳನ್ನು ಇಳಿಸುತ್ತಿದ್ದಳು. ಸದ್ದು ನಿಂತಿತು. ಹೋಗಿ ನೋಡಿದೆ. ಸಂಡಿಗೆ ಡಬ್ಬಿಯ ಮುಚ್ಚಳ ತೆಗೆದುಕೊಂಡು ನಿಂತಿದ್ದಾಳೆ.

“ರಂಜೂ, ಇದು ನಾವು ಹಾಕಿದ್ದಾ? ಈ ವರ್ಷ?”

“ಹೌದಮ್ಮ. ಹಿಟ್ಟು ನೀನೇ ಹದ ಮಾಡಿ ಕೊಟ್ಟೆಯಲ್ಲ.”

“ಹಾಗಂತಲೇ ನನಗೂ ಅನಿಸ್ತು.” ಮುಚ್ಚಳ ಹಾಕಿದಳು. “ಆದ್ರೂ ನಿನ್ನ ಕೇಳೋದು ವಾಸಿ.”

ರೂಮಿಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಇನ್ನು ಬರೆದು ಮುಂದೂಡುವ ಹಾಗಿಲ್ಲ. ಪ್ರೆಸ್ಸಿಗೆ ಎಷ್ಟು ಗಂಟೆಗೆ ಹೋಗುತ್ತದೋ... ಮೊದಲು ಅಮ್ಮ. ಆಮೇಲೆ ರಾಘವ ಅಂಕಲ್‌ಗೆ ಫೋನ್.

ಎಂಟನೆಯ ತಾರೀಖಿನ ಪುಟ ತೆರೆದಿದೆ. ಸ್ಟಿಕ್ಕರ್ ಗಟ್ಟಿಯಾಗಿ ಕಚ್ಚಿಕೊಂಡಿದೆ. ಎಳೆದರೆ ಅಕ್ಷರ ಹರಿಯುತ್ತದೆ. ಉಗುರಿನಿಂದ, ಮೆಲ್ಲಗೆ. ‘ನೇಮ್ಸ್’ ಬಿಟ್ಟುಕೊಂಡಿತು. ಇನ್ನು ತಾರೀಖು. ಅಮ್ಮ ಬಾಗಿಲಲ್ಲಿ ನಿಂತು ಏನದು ಅಂತ ಕೇಳುತ್ತಿದ್ದಾಳೆ. ಪೆನ್ನು ಇಡುತ್ತೇನೆ.