ಮೂರು ಕೂಗು

ಅತ್ತೆ,

ಕಾಗದ ಅಂದರೆ ಮೊದಲು ‘ಇತ್ತ ಎಲ್ಲರೂ ಕ್ಷೇಮ’ ಎಂದು ಬರೆಯಬೇಕು ಅಂತ ನೀವೇ ಹೇಳುತ್ತಿದ್ದಿರಿ, ನಿಮಗೆ ಓದು ಬರದಿದ್ದರೂ. ಹಾಗೆ ಬರೆಯಲು ಕೈ ಬರುತ್ತಿಲ್ಲ. ನೀವು ತೀರಿಕೊಂಡು ಇವತ್ತಿಗೆ ಒಂದು ತಿಂಗಳು ನಾಲ್ಕು ದಿನ. ಆರು ವರ್ಷ ಒಂದೇ ಅಡುಗೆಮನೆಯಲ್ಲಿ ಓಡಾಡಿದವರು ನಾವು. ಕೊನೆಯ ಹತ್ತೊಂಬತ್ತು ದಿನ ಒಂದು ಮಾತೂ ಆಡಲಿಲ್ಲ. ಆ ಹತ್ತೊಂಬತ್ತು ದಿನದ ತಪ್ಪು ನನ್ನದು. ಅದನ್ನು ಹೇಳಿಕೊಳ್ಳಲು ನಿಮ್ಮನ್ನು ಬಿಟ್ಟರೆ ಬೇರೆ ಯಾರೂ ಇಲ್ಲದ್ದರಿಂದ ನಿಮಗೇ ಬರೆಯುತ್ತಿದ್ದೇನೆ.

ನನ್ನ ಮಗಳ ಪ್ರಜ್ಞಾ ಎಂಬ ಹೆಸರಿಗೆ ನಾಲಿಗೆ ಹೊರಳದೆ ನಾಮಕರಣದ ದಿನವೇ ಅವಳನ್ನು ಪುಟ್ಟವ್ವ ಮಾಡಿಬಿಟ್ಟಿರಿ ನೀವು. ಆ ಪುಟ್ಟವ್ವ ಮೂರು ತುಂಬುವ ಹೊತ್ತಿಗೆ ಕಚ್ಚಲು ಶುರು ಮಾಡಿದಳು. ಪಕ್ಕದ ಮನೆ ಕಾಂತಮ್ಮನ ಮೊಮ್ಮಗಳ ಕೆನ್ನೆ, ನನ್ನ ಮುಂಗೈ, ಒಮ್ಮೆ ನಿಮ್ಮ ಮಗನ ಕಿವಿ. “ಹಲ್ಲು ಬಂದಿರೋದು ಮತ್ಯಾಕೆ?” ಎಂದು ನೀವು ನಕ್ಕಿರಿ. ನನಗೆ ನಗು ಬರಲಿಲ್ಲ. ಕಡೂರಿನ ಅರ್ಧ ಮಕ್ಕಳಿಗೆ ನರ್ಸರಿಯಲ್ಲಿ ಬುದ್ಧಿ ಹೇಳುವವಳ ಮಗಳೇ ಕಚ್ಚುತ್ತಾಳೆ ಎಂದರೆ, ದೀಪದ ಬುಡದಲ್ಲೇ ಕತ್ತಲೆ ಎಂದು ಜನ ಆಡಿಕೊಳ್ಳದೆ ಬಿಡುತ್ತಾರೆಯೇ?

ಅದೇ ತಿಂಗಳು ತರೀಕೆರೆಯಲ್ಲಿ ಟೀಚರುಗಳಿಗೆ ಎರಡು ದಿನದ ತರಬೇತಿ ಇತ್ತು. ಟೈಮ್ ಔಟ್ ಎಂಬುದನ್ನು ಅಲ್ಲಿ ಹೇಳಿಕೊಟ್ಟರು. ಹೊಡೆಯಬೇಡಿ, ಬೈಯಬೇಡಿ, ತಪ್ಪು ಮಾಡಿದ ಮಗುವನ್ನು ಒಂದು ಕಡೆ ಸುಮ್ಮನೆ ಕೂರಿಸಿ. ವರ್ಷಕ್ಕೆ ಒಂದು ನಿಮಿಷದಂತೆ ಮೂರು ವರ್ಷಕ್ಕೆ ಮೂರು ನಿಮಿಷ. ಆ ಹೊತ್ತಿನಲ್ಲಿ ಮಾತಾಡಿಸಬೇಡಿ, ಅತ್ತರೂ ತಿರುಗಿ ನೋಡಬೇಡಿ. ನನ್ನ ಅಮ್ಮ ಸೌಟಿನಲ್ಲಿ ಬಾರಿಸಿ ಬೆಳೆಸಿದವಳು, ಅತ್ತೆ. ಕೈ ಎತ್ತದೆಯೂ ಮಗು ಬೆಳೆಸಬಹುದು ಎಂದು ಕೇಳಿ, ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಕಣ್ಣೀರು ಬಂದಿತ್ತು. ಅದನ್ನು ನಿಮಗೆ ಹೇಳಲೇ ಇಲ್ಲ. ಹೇಳಿದ್ದರೆ ನನ್ನ ಹಟ ನಿಮಗೆ ಸ್ವಲ್ಪ ಅರ್ಥವಾಗುತ್ತಿತ್ತೋ ಏನೋ.

ಆದರೆ ಮೂರು ನಿಮಿಷ ಎಂದರೆ ಗಡಿಯಾರ ನೋಡಲು ಬಾರದ ಕೂಸಿಗೆ ಏನು ತಿಳಿಯುತ್ತದೆ? ಅದಕ್ಕೆ ನಾನೊಂದು ಉಪಾಯ ಮಾಡಿದೆ. ನೀವು ತವರಿನಿಂದ ತಂದಿದ್ದ ಹಲಸಿನ ಮಣೆಯನ್ನು ಅಡುಗೆಮನೆಯ ಮೂಲೆಗೆ ಹಾಕಿ, ಗೋಡೆಯ ಕಡೆ ಮುಖ ಮಾಡಿಸಿ ಕೂರಿಸಿ, “ಕುಕ್ಕರ್ ಮೂರು ಸಲ ಕೂಗೋವರೆಗೂ ಏಳಬಾರದು” ಎಂದೆ. ಮೊದಲ ಕೂಗಿಗೇ ಏಳೆಂಟು ನಿಮಿಷ ಬೇಕು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಹೊಳೆದದ್ದು ನಿಮಗೆ. “ಮೂರು ನಿಮಿಷ ಅಂದೆ, ಬೇಳೆನೇ ಬೆಂದುಹೋಯ್ತಲ್ಲೇ!” ಎಂದಿರಿ. ನಾನು ಕೇಳಿಸದವಳಂತೆ ಒಗ್ಗರಣೆಗೆ ಈರುಳ್ಳಿ ಹೆಚ್ಚಿದೆ.

ಎರಡನೇ ದಿನ ನೀವು ಮಾಡಿದ್ದು ನೆನಪಿದೆಯೇ? ಮಂಡಿ ನೋವು ಎಂದು ಕುರ್ಚಿ ಬಿಟ್ಟು ಕೂರದಿದ್ದವರು, ಮಣೆಯ ಪಕ್ಕ ನೆಲದ ಮೇಲೆ ಕೂತು ನೀವೂ ಗೋಡೆಗೆ ಮುಖ ಮಾಡಿದಿರಿ. “ನಾನೂ ತಪ್ಪು ಮಾಡಿದೀನಿ ಕಣವ್ವ, ಬೆಲ್ಲ ಕದ್ದು ತಿಂದೆ” ಎಂದಿರಿ. ಅಜ್ಜಿ ಮೊಮ್ಮಗಳು ಇಬ್ಬರೂ ಗೋಡೆ ನೋಡಿಕೊಂಡು ಕಿಸಿಕಿಸಿ ನಗುತ್ತಿದ್ದರೆ ನನಗೆ ಮೈಯೆಲ್ಲ ಉರಿಯಿತು. ನಿಯಮ ಕೆಡಿಸಬೇಡಿ ಎಂದು ರೇಗಿದೆ. ಎಮ್ಮೆದೊಡ್ಡಿಯ ದನ ಮೇಯುವ ಕಾವಲಿನ ಪಕ್ಕ ಹಸುಕರುಗಳ ನಡುವೆ ಬೆಳೆದವರು ನೀವು; ಮೆಲ್ಲಗೆ, “ಕರೂನ ಕಣ್ಣಿಗೆ ಕಾಣ್ದಂಗೆ ಕಟ್ಟಿದ್ರೆ ಹಸ ಹಾಲು ಇಳಿಸಲ್ಲ ಕಣೇ ಭವ್ಯ” ಎಂದಿರಿ. “ಇದು ಕೊಟ್ಟಿಗೆ ಅಲ್ಲ ಅತ್ತೆ” ಎಂದು ನಾನು ಹೇಳಿದೆ. ಆಮೇಲೆ ನೀವು ಅವಳ ಪಕ್ಕ ಕೂರಲಿಲ್ಲ. ಅವಳನ್ನು ಕೂರಿಸಿದಾಗಲೆಲ್ಲ ಎದ್ದು ಕಾಂತಮ್ಮನ ಜಗಲಿಗೆ ಹೋಗಿಬಿಡುತ್ತಿದ್ದಿರಿ.

ಈಗ ಶಾಲೆಯಲ್ಲಿ ಬೇರೆ ಟೀಚರುಗಳು ಕೇಳುತ್ತಾರೆ, ಟೈಮ್ ಔಟ್ ಕೆಲಸ ಮಾಡುತ್ತಾ ಮೇಡಂ ಎಂದು. ಏನು ಹೇಳಲಿ? ಮಾಡಿತು. ಒಂದೂವರೆ ತಿಂಗಳಲ್ಲಿ ಅವಳು ಕಚ್ಚುವುದನ್ನು ಬಿಟ್ಟಳು. ಅದರ ಜೊತೆಗೆ ಅತ್ತುಕೊಂಡು ನನ್ನ ಹತ್ತಿರ ಓಡಿ ಬರುವುದನ್ನೂ ಬಿಟ್ಟಳು. ಬಿದ್ದು ಮಂಡಿ ತರಚಿಕೊಂಡರೆ ತಾನೇ ಹೋಗಿ ಮಣೆಯ ಮೇಲೆ ಕೂರುತ್ತಿದ್ದಳು. ಎಷ್ಟು ಜಾಣೆ ಎಂದು ನಾನು ಎಲ್ಲರೆದುರು ಹೊಗಳಿಕೊಂಡೆ. ಮೊನ್ನೆ ತರಬೇತಿಯ ಪುಸ್ತಕ ತೆಗೆದು ನೋಡಿದೆ. ಕೊನೆಯ ಸಾಲು ನನ್ನ ಕೈಬರಹದಲ್ಲೇ ಇದೆ: ಹೊತ್ತು ಮುಗಿದ ಕೂಡಲೇ ಮಗುವನ್ನು ಅಪ್ಪಿಕೊಳ್ಳಬೇಕು. ಮೂರನೇ ಕೂಗಾದ ಕೂಡಲೇ ನಾನು ಓಡುತ್ತಿದ್ದದ್ದು ಒಲೆಯ ಹತ್ತಿರಕ್ಕೆ, ಅತ್ತೆ, ಮಗುವಿನ ಹತ್ತಿರಕ್ಕಲ್ಲ.

ಸಂಕ್ರಾಂತಿ ಕಳೆದ ವಾರ ಅದು ಆಯಿತು. “ಕುಕ್ಕರ್ ರಬ್ಬರ್ ಸಡ್ಲ ಆಗೈತೆ, ಹೊಸದು ತಗೊಂಬಾ” ಎಂದು ನೀವು ಎರಡು ಸಲ ಹೇಳಿದ್ದಿರಿ. ನಾನು ತಂದಿರಲಿಲ್ಲ. ಅವತ್ತು ಏನೋ ಚೆಲ್ಲಿದಳೆಂದು ಅವಳನ್ನು ಕೂರಿಸಿ ಬೇಳೆಗಿಟ್ಟೆ. ಅಷ್ಟರಲ್ಲಿ ಶಾಲೆಯ ವಾರ್ಷಿಕೋತ್ಸವದ ವಿಷಯಕ್ಕೆ ಫೋನ್ ಬಂತು. ಸಿಗ್ನಲ್ ಸಿಗಲಿ ಎಂದು ಮಹಡಿ ಹತ್ತಿದವಳು ಮಾತಿನಲ್ಲಿ ಮೈಮರೆತೆ. ಕುಕ್ಕರಿನ ಆವಿಯೆಲ್ಲ ಪಕ್ಕದಿಂದ ಸೋರಿಹೋಗಿ ಅದು ಕೂಗಲೇ ಇಲ್ಲ. ಸೀದ ವಾಸನೆಗೆ ಕಾಂತಮ್ಮನ ಮನೆಯಿಂದ ನೀವು ಓಡಿಬಂದಿರಿ, ಮೇಲಿನಿಂದ ನಾನು. ನಲವತ್ತು ನಿಮಿಷ ಆಗಿತ್ತು. ಕೋಣೆಯ ತುಂಬ ಹೊಗೆ. ಅವಳು ಮಣೆಯ ಮೇಲೆ ಗೋಡೆ ನೋಡಿಕೊಂಡೇ ಕೂತಿದ್ದಳು. ಚಡ್ಡಿ ಒದ್ದೆಯಾಗಿ, ನೀರು ಒಲೆಕಟ್ಟೆಯ ಬುಡದವರೆಗೂ ಹರಿದಿತ್ತು. ಕೆಮ್ಮುತ್ತಿದ್ದಳು, ಆದರೆ ಅಳುತ್ತಿರಲಿಲ್ಲ. ನನ್ನನ್ನು ಕಂಡು, “ಇನ್ನೂ ಕೂಗಿಲ್ಲ ಅಮ್ಮಾ” ಎಂದಳು.

ಅವಳನ್ನು ಮೊದಲು ಎತ್ತಿಕೊಂಡವರು ನೀವು. “ಹಡೆದ ಕೂಸನ್ನೇ ಮರೆತು ಕುಂತಿದ್ಯಲ್ಲೇ, ಟೀಚರಂತೆ ಟೀಚರು!” ಎಂದು ನೀವು ಕೂಗಾಡಿದಿರಿ. ಹಿಂದೆಯೇ ಬಂದಿದ್ದ ಕಾಂತಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ನೀವು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದಕ್ಕೇ ನನಗೆ ತಡೆಯಲಾಗಲಿಲ್ಲ. “ನೀವು ನಾಲ್ಕು ದಿನ ಶಿವನಿ ಊರಿಗೆ, ಮಗಳ ಮನೆಗೆ ಹೋಗಿ ಬನ್ನಿ ಅತ್ತೆ. ಸುಮ್ಮನೆ ಒಂದು ಕಡೆ ಕೂತರೆ ತಪ್ಪು ಯಾರದು ಅಂತ ನಿಮಗೂ ತಿಳಿಯುತ್ತೆ” ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು ಅಂತಾರಲ್ಲ, ಹಾಗೇ ಆಯಿತು. ನೀವು ಮಗುವಿನ ಕಾಲು ತೊಳೆದು, ಬಟ್ಟೆ ಬದಲಿಸಿ, ಚೀಲಕ್ಕೆ ಎರಡು ಸೀರೆ ತುಂಬಿಕೊಂಡಿರಿ. ನಿಮ್ಮ ಮಗ ರೈಲು ಹತ್ತಿಸಲು ಗಾಡಿ ತೆಗೆದಾಗ ಹೊಸಿಲಲ್ಲಿ ನಿಂತು, “ಆಯ್ತು ಕಣವ್ವ. ಕೂಗು, ಬತ್ತೀನಿ” ಎಂದಿರಿ.

ನಾನು ಕೂಗಲಿಲ್ಲ. ನಿಮ್ಮ ಮಗ ಸತೀಶ್ ದಿನಾ ನಿಮಗೆ ಫೋನ್ ಮಾಡುತ್ತಿದ್ದರು, ದಿನಾ ನನಗೆ ಹೇಳುತ್ತಿದ್ದರು: “ನೀನೊಂದು ಮಾತು ಬಾ ಅನ್ನು ಮಾರಾಯ್ತಿ, ನಾನು ಕರೆದ್ರೆ ಅವಳು ಕೂಗ್ಲಿ ಅಂತಾರೆ.” ಈ ಭಾನುವಾರ ಮಾಡಿದರಾಯಿತು, ಮುಂದಿನ ಭಾನುವಾರ ಮಾಡಿದರಾಯಿತು ಎಂದು ನಾನು ಮುಂದೂಡಿದೆ. ಮಾತಾಡಿಸಬೇಡಿ, ತಿರುಗಿ ನೋಡಬೇಡಿ. ಮೂರು ವರ್ಷದ ಕೂಸಿಗೆಂದು ಕಲಿತ ಪಾಠವನ್ನು ಅರವತ್ತೆಂಟು ವರ್ಷದ ನಿಮ್ಮ ಮೇಲೆ ಪ್ರಯೋಗ ಮಾಡುತ್ತಿದ್ದೇನೆ ಎಂದು ನನಗೆ ಗೊತ್ತಿತ್ತು, ಅತ್ತೆ. ಗೊತ್ತಿದ್ದೂ ಮಾಡಿದೆ. ಹತ್ತೊಂಬತ್ತನೇ ದಿನ ಬೆಳಿಗ್ಗೆ ಫೋನ್ ಬಂತು. ಸ್ನಾನ ಮಾಡಿ ಬಂದು, ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲವಂತೆ.

ಮಣ್ಣು ಮಾಡಿ ಬಂದ ಮೇಲೆ ನಿಮ್ಮ ಮಗಳು ಭಾಗಮ್ಮ ನಿಮ್ಮ ಚೀಲ ತಂದು ನನ್ನ ಮುಂದಿಟ್ಟರು. “ದಿನಾ ಬೆಳಗಾದ್ರೆ ಸೀರೆ ಮಡಿಸಿ ತುಂಬೋಳು, ಸಂಜೆ ತೆಗೆಯೋಳು. ಸ್ಟೇಷನ್ನಲ್ಲಿ ರೈಲು ಕೂಗಿದಾಗೆಲ್ಲ ಫೋನ್ ಕಡೆ ನೋಡೋಳು ಕಣೇ” ಎಂದರು. ಅವರು ಹೇಳಿದ್ದರಲ್ಲಿ ನನ್ನನ್ನು ಬೈದ ಒಂದು ಮಾತೂ ಇರಲಿಲ್ಲ. ಸೀರೆಗಳ ನಡುವೆ ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣ. ಅಲ್ಲಿಂದ ಅಜ್ಜಂಪುರದ ಸಂತೆಗೆ ಹೋಗಿದ್ದಾಗ ನೀವು ತಂದಿಟ್ಟಿದ್ದ ಹೊಸ ಕುಕ್ಕರ್ ರಬ್ಬರ್. ಅಳತೆ ತಪ್ಪಬಾರದೆಂದು ಅಂಗಡಿಯವನಿಗೆ ಕೈಯಗಲಿಸಿ ಎಷ್ಟು ಹೊತ್ತು ತೋರಿಸಿದ್ದಿರೋ.

ಇಷ್ಟು ದಿನ ಅದನ್ನು ಮುಟ್ಟಲಾಗಿರಲಿಲ್ಲ. ಇವತ್ತು ಹಾಕಿದೆ. ಸರಿಯಾಗಿ ಕೂತಿತು. ಪುಟ್ಟವ್ವ ಅಡುಗೆಮನೆಯಲ್ಲೇ ಚಮಚ ಲೋಟ ಹರಡಿಕೊಂಡು ಆಡುತ್ತಿದ್ದಳು. ಮೊದಲ ಕೂಗಿಗೆ ತಲೆ ಎತ್ತಿದಳು. ಎರಡನೆಯದಕ್ಕೆ ಎರಡು ಬೆರಳು ಮಡಿಸಿದಳು. ಮೂರನೆಯದಾದದ್ದೇ ತಡ, ಎದ್ದು ಬಾಗಿಲಿಗೆ ಓಡಿ, ಬೀದಿಯ ಕಡೆ ಮುಖ ಮಾಡಿ ಜೋರಾಗಿ ಹೇಳಿದಳು: “ಅಜ್ಜೀ, ಮೂರಾಯ್ತು! ಎದ್ದು ಬಾ!”

ಇವತ್ತು ನಾನು ಒಲೆಯ ಹತ್ತಿರ ಹೋಗಲಿಲ್ಲ. ಹೊಸಿಲಲ್ಲಿ ಕೂತು ಅವಳನ್ನು ಅಪ್ಪಿಕೊಂಡೆ. ಹಿಂದೆ ಕುಕ್ಕರ್ ನಾಲ್ಕು, ಐದು, ಆರು ಎಂದು ಕೂಗುತ್ತಲೇ ಇತ್ತು. “ಅಜ್ಜಿಗೆ ಕೇಳಿಸ್ಲಿಲ್ವಾ? ನೀನೂ ಕೂಗಮ್ಮಾ” ಎಂದಳು. ಅವಳ ಜೊತೆ ನಾನೂ ಕೂಗಿದೆ, ಅತ್ತೆ. ಬೀದಿಯವರೆಲ್ಲ ನೋಡುತ್ತಿದ್ದರು.

ನೀವಿರುವಲ್ಲಿ ನಿಮ್ಮನ್ನು ಯಾರೂ ಗೋಡೆಯ ಕಡೆ ತಿರುಗಿಸಿ ಕೂರಿಸದಿರಲಿ. ಕೇಳುವ ಮೊದಲೇ ಎತ್ತಿಕೊಳ್ಳುವವರು ನಿಮ್ಮ ಪಕ್ಕದಲ್ಲಿರಲಿ.

ಕೂಗಲು ತಡ ಮಾಡಿದ ನಿಮ್ಮ ಸೊಸೆ,
ಭವ್ಯ